ಮಾಲೀಕರ ಮನಸ್ಸಿಗಿಂತ ಮೊದಲು ಚಲನ್ ಪುಸ್ತಕ ಓದಿ

ಸಣ್ಣ ಉದ್ದಿಮೆಗಳ ಮೇಲೆ ಸಂಶೋಧನೆ ಮಾಡುತ್ತಿರುವ ವಾಣಿಜ್ಯ ಮತ್ತು ನಿರ್ವಹಣಾಶಾಸ್ತ್ರ ವಿಭಾಗಗಳ ವಿದ್ಯಾರ್ಥಿಗಳಿಗೆ, ಅವರ ಮಾರ್ಗದರ್ಶಕರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಂಶೋಧಕ ಮಿತ್ರರೇ, ಮಾನ್ಯ ಮಾರ್ಗದರ್ಶಕರೇ,



ಪೀಣ್ಯದ ಆಸುಪಾಸಿನ ಸಣ್ಣ ಕಾರ್ಖಾನೆಗಳ ಲೆಕ್ಕ ಬರೆಯುವುದು ನನ್ನ ವೃತ್ತಿ. ಹತ್ತು ಹದಿನೈದು ಜನ ದುಡಿಯುವ ಟರ್ನಿಂಗ್ ಶೆಡ್‌ಗಳು, ಶೀಟ್ ಮೆಟಲ್ ಕೆಲಸದವರು, ಪ್ಲೇಟಿಂಗ್ ಮತ್ತು ಪೌಡರ್ ಕೋಟಿಂಗ್ ಮಾಡುವವರು, ಒಂದೆರಡು ತಿಂಡಿ ತಯಾರಿಕೆಯ ಘಟಕಗಳು ನನ್ನ ಕಕ್ಷಿದಾರರು. ಅವರ ಜಿಎಸ್‌ಟಿ ರಿಟರ್ನು, ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟು, ವರ್ಷದ ಕೊನೆಯ ಲಾಭ ನಷ್ಟದ ಪಟ್ಟಿ ಎಲ್ಲವೂ ನನ್ನ ಮೇಜಿನ ಮೇಲೆ ತಯಾರಾಗುತ್ತವೆ. ಕೆಲವು ವರ್ಷಗಳಿಂದ ಅದೇ ಮೇಜಿಗೆ ನಿಮ್ಮ ಪ್ರಶ್ನಾವಳಿಗಳೂ ಬರುತ್ತಿವೆ. ನೀವು ಅವನ್ನು ಮಾಲೀಕರ ವಾಟ್ಸ್‌ಆ್ಯಪ್‌ಗೆ ಕಳಿಸಿರುತ್ತೀರಿ. ಮೆಷಿನ್ ಪಕ್ಕ ನಿಂತ ಅವರು ಅವನ್ನು ನೋಡಿ, "ಸಾರ್, ಇದೊಂದು ತುಂಬಿಬಿಡಿ, ಪಾಪ ಓದೋ ಹುಡುಗ" ಎಂದು ನನಗೆ ದಾಟಿಸುತ್ತಾರೆ. ಮಾಲೀಕರ ಮನೋಭಾವ ಅಳೆಯುವ ಪ್ರಶ್ನೆಗಳನ್ನು ಲೆಕ್ಕ ಬರೆಯುವವನು ತುಂಬುವುದು ಸರಿಯಲ್ಲ ಎಂದು ನಾನು ವಾಪಸು ಕಳಿಸುತ್ತೇನೆ. ಎಲ್ಲರೂ ಹಾಗೆ ಮಾಡುವುದಿಲ್ಲ. ನಿಮ್ಮ ಪ್ರಬಂಧದ ಕೋಷ್ಟಕಗಳಲ್ಲಿ ಎಷ್ಟು ಉತ್ತರಗಳು ಮಾಲೀಕರವು, ಎಷ್ಟು ಅವರ ಅಕೌಂಟೆಂಟರವು, ಎಷ್ಟು ಕಾಲೇಜಿಗೆ ಹೋಗುವ ಅವರ ಮಕ್ಕಳವು ಎಂದು ನಿಮಗೆ ಗೊತ್ತಾಗುವ ಬಗೆ ಇಲ್ಲ.

ಆದರೆ ನಾನು ಈ ಪತ್ರ ಬರೆಯುತ್ತಿರುವುದು ಯಾರು ತುಂಬಿದರು ಎಂಬ ದೂರಿಗಲ್ಲ. ಏನನ್ನು ಕೇಳುತ್ತಿದ್ದೀರಿ ಎಂಬುದು ನನ್ನ ಚಿಂತೆ. "ಹೊಸ ಸವಾಲುಗಳನ್ನು ಎದುರಿಸಲು ನಾನು ಸದಾ ಸಿದ್ಧ." "ಅಪಾಯ ತೆಗೆದುಕೊಳ್ಳುವ ಧೈರ್ಯ ನನಗಿದೆ." "ನನ್ನ ಉದ್ದಿಮೆಯನ್ನು ಬೆಳೆಸುವ ಹಂಬಲ ನನಗಿದೆ." ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಪೂರ್ತಿ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ ಐದು ಚೌಕ. ಇದನ್ನು ಓದುವವರು ವಾಸದ ಮನೆಯ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಒಂದು ಸಿಎನ್‌ಸಿ ಯಂತ್ರ ತಂದವರು. ಅವರ ಧೈರ್ಯವನ್ನು ಐದು ಚೌಕದಲ್ಲಿ ಅಳೆದು ಸಿಗುವುದೇನು? ಅವರಲ್ಲಿ ಒಬ್ಬರು ಏಕೆ ನಿಂತರು, ಇನ್ನೊಬ್ಬರು ಏಕೆ ಮುಚ್ಚಿದರು ಎಂಬುದಕ್ಕೆ ಕಾರಣ ಅವರ ಸ್ವಭಾವದಲ್ಲಿ ಇರುವುದು ಕಡಿಮೆ. ಹೆಚ್ಚಿನದು ಮಾಲು ಕಳಿಸುವಾಗ ಬರೆಯುವ ಅವರ ಚಲನ್ ಪುಸ್ತಕದಲ್ಲಿ, ಖರೀದಿ ಆದೇಶದ ಪಿಒ ಕಾಗದದಲ್ಲಿ, ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಇದೆ. ಅಲ್ಲಿಗೆ ನೀವು ಬರುತ್ತಿಲ್ಲ.

ಮನಸ್ಸನ್ನು ಅಳೆಯುವ ಈ ರೂಢಿಗೆ ಒಂದು ಚರಿತ್ರೆ ಇದೆ. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ 1961ರಲ್ಲಿ ಒಂದು ಪುಸ್ತಕ ಬರೆದು, ಸಾಧನೆಯ ಹಂಬಲ ಹೆಚ್ಚಿರುವ ಸಮಾಜಗಳು ಬೇಗ ಬೆಳೆಯುತ್ತವೆ ಎಂದು ವಾದಿಸಿದರು. ಆ ಹಂಬಲವನ್ನು ತರಬೇತಿಯಿಂದ ಹುಟ್ಟಿಸಬಹುದೇ ಎಂದು ಪರೀಕ್ಷಿಸಲು ಅವರು ಆರಿಸಿಕೊಂಡದ್ದು ಆಂಧ್ರದ ಕಾಕಿನಾಡವನ್ನು. ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯ ನೆರವಿನಿಂದ ಅಲ್ಲಿನ ವ್ಯಾಪಾರಸ್ಥರಿಗೆ ಶಿಬಿರ ನಡೆಯಿತು. 1969ರಲ್ಲಿ ಡೇವಿಡ್ ವಿಂಟರ್ ಜತೆ ಬರೆದ ಪುಸ್ತಕದಲ್ಲಿ ಅದರ ಫಲ ಒಳ್ಳೆಯದೆಂದು ಅವರು ವರದಿ ಮಾಡಿದರು. ಆಮೇಲೆ ದೇಶದ ತುಂಬ ಉದ್ಯಮಶೀಲತಾ ತರಬೇತಿಗಳು ಬಂದವು. ನಮ್ಮಲ್ಲೂ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಯಿತು, ಧಾರವಾಡದಲ್ಲಿ ಸಿಡಾಕ್ ಬಂತು. ಇವುಗಳಿಂದ ಬದುಕು ಕಟ್ಟಿಕೊಂಡವರನ್ನು ನಾನು ಬಲ್ಲೆ. ಉಜಿರೆಯ ಮಾದರಿ ಮುಂದೆ ಜಿಲ್ಲೆ ಜಿಲ್ಲೆಗೆ ಹರಡಿದ್ದು ಸುಮ್ಮನೆ ಅಲ್ಲ. ಅಲ್ಲಿ ಕಲಿಸುವುದು ಬರೀ ಹುರುಪಲ್ಲ, ಕೈಗೊಂದು ಕಸುಬನ್ನೂ ಕಲಿಸುತ್ತಾರೆ. ಆದರೆ ತರಬೇತಿಯ ಮಾತು ಬೇರೆ, ಸಂಶೋಧನೆಯ ಮಾತು ಬೇರೆ. ಅರವತ್ತು ವರ್ಷಗಳ ಹಿಂದಿನ ಒಂದು ಪ್ರಶ್ನೆಯನ್ನೇ ಇಂದಿಗೂ ತಿರುಗಿಸಿ ತಿರುಗಿಸಿ ಕೇಳುತ್ತಾ ಕೂತರೆ, ಇಂದಿನ ಶೆಡ್ಡಿನಲ್ಲಿ ಏನಾಗುತ್ತಿದೆ ಎಂಬುದು ತಪ್ಪಿಹೋಗುತ್ತದೆ.

ಶೆಡ್ಡಿನಲ್ಲಿ ಏನಾಗುತ್ತಿದೆ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಡ್ರಾಯಿಂಗ್ ಬರುತ್ತದೆ. ಉಕ್ಕಿನ ಸಣ್ಣ ಬುಷ್. ಮಾಲೀಕರು ನೋಡಿ, ಒಂದು ಪೀಸಿಗೆ ಆರು ನಿಮಿಷ ಹಿಡಿಯುತ್ತದೆ, ಗಂಟೆಗೆ ಹತ್ತು ಪೀಸು ಎಂದು ಮನಸ್ಸಿನಲ್ಲೇ ಗುಣಿಸುತ್ತಾರೆ. ಯಂತ್ರದ ಗಂಟೆ ದರ 400 ರೂಪಾಯಿ ಎಂದುಕೊಳ್ಳಿ. ಪೀಸಿಗೆ 40 ರೂಪಾಯಿ ಎಂದು ಕೊಟೇಶನ್ ಹೋಗುತ್ತದೆ. ಮೊದಲ ಆರ್ಡರ್ 500 ಪೀಸು. ಸೆಟ್ಟಿಂಗಿಗೆ ಮೂರು ಗಂಟೆ, ಓಡಿಸಲು ಐವತ್ತು ಗಂಟೆ, ಒಟ್ಟು 53 ಗಂಟೆಗೆ 20,000 ರೂಪಾಯಿ. ಗಂಟೆಗೆ 377 ಬಿತ್ತು, ಪರವಾಗಿಲ್ಲ. ನಾಲ್ಕು ತಿಂಗಳ ನಂತರ ಅದೇ ಕಂಪನಿಯವರು ನಾವು ಈಗ ಸ್ಟಾಕ್ ಇಟ್ಟುಕೊಳ್ಳುವುದಿಲ್ಲ, ಬೇಕಾದಾಗ ಬೇಕಾದಷ್ಟೇ ತರಿಸುತ್ತೇವೆ ಎನ್ನುತ್ತಾರೆ. ಆರ್ಡರ್ 40 ಪೀಸಿಗೆ ಇಳಿಯುತ್ತದೆ. ದರ ಅದೇ 40 ರೂಪಾಯಿ. ಸೆಟ್ಟಿಂಗ್ ಅದೇ ಮೂರು ಗಂಟೆ, ಓಡಿಸಲು ನಾಲ್ಕು ಗಂಟೆ. ಏಳು ಗಂಟೆಗೆ 1,600 ರೂಪಾಯಿ, ಗಂಟೆಗೆ 229. ಯಂತ್ರದ ಕಂತು, ಕರೆಂಟು, ಆಪರೇಟರ್ ಸಂಬಳ, ಶೆಡ್ಡಿನ ಬಾಡಿಗೆ ಯಾವುದೂ ಇಳಿದಿಲ್ಲ. ಮಾಲೀಕರು ಬೆಳಗಿನಿಂದ ರಾತ್ರಿವರೆಗೂ ದುಡಿಯುತ್ತಿದ್ದಾರೆ, ಯಂತ್ರ ಖಾಲಿ ಇಲ್ಲ, ಕೈಯಲ್ಲಿ ಆರ್ಡರ್ ಇದೆ, ಆದರೂ ತಿಂಗಳ ಕೊನೆಗೆ ದುಡ್ಡಿಲ್ಲ. "ಎಲ್ಲಿ ಸೋರ್ತಾ ಇದೆ ಸಾರ್?" ಎಂದು ನನ್ನನ್ನು ಕೇಳುತ್ತಾರೆ.

ಅಂಕಿಗಳು ವಿವರಣೆಗೆ ನಾನು ಇಟ್ಟುಕೊಂಡವು, ಹಣ ಸೋರುವ ಬಗೆ ಮಾತ್ರ ನಾನು ದಿನಾ ನೋಡುವಂಥದ್ದು. ಯಂತ್ರದ ಗಂಟೆ ದರ ಎಂಬುದನ್ನು ನಮ್ಮ ಬಹುತೇಕ ಶೆಡ್‌ಗಳಲ್ಲಿ ಸ್ವಂತ ಖರ್ಚಿನಿಂದ ಲೆಕ್ಕ ಹಾಕಿರುವುದಿಲ್ಲ. ಪಕ್ಕದ ಶೆಡ್ಡಿನವರು ಎಷ್ಟು ಹೇಳುತ್ತಾರೋ ಅದಕ್ಕಿಂತ ಹತ್ತು ರೂಪಾಯಿ ಕಡಿಮೆ ಎಂದು ಹೇಳಿರುತ್ತಾರೆ. ಪಕ್ಕದವರೂ ಅವರ ಪಕ್ಕದವರನ್ನು ನೋಡಿಯೇ ಹೇಳಿದ್ದು. ಹೀಗಾಗಿ ಒಂದು ಬೀದಿಯ ಎಲ್ಲರೂ ಯಾರಿಗೂ ಗಿಟ್ಟದ ದರಕ್ಕೆ ಇಳಿದು ಕೂತಿರುತ್ತಾರೆ. ಸಣ್ಣ ಲಾಟಿಗೆ ಸೆಟ್ಟಿಂಗ್ ಚಾರ್ಜ್ ಬೇರೆ ಕೇಳುವ ಶೆಡ್‌ಗಳು ಎಷ್ಟಿವೆ, ಕೇಳಿದವರಿಗೆ ಆರ್ಡರ್ ತಪ್ಪಿತೇ ಅಥವಾ ಸಿಕ್ಕಿತೇ? ಇದಕ್ಕೆ ಉತ್ತರ ಹುಡುಕಿದವರಿಗೆ ನಾನು ನಿಜವಾದ ಗೌರವ ಕೊಡುತ್ತೇನೆ. ಎರಡು ಬೀದಿ, ಒಂದು ಸ್ಟಾಪ್‌ವಾಚು, ಒಂದು ವರ್ಷದ ಚಲನ್‌ಗಳು ಸಾಕು.

ಇನ್ನು ಬಾಕಿಯ ವಿಷಯ. ಇದರ ಮೇಲೆ ನೀವು ಬರೆಯುವುದಿಲ್ಲ ಎಂದಲ್ಲ. "ತಡವಾದ ಪಾವತಿ ಒಂದು ಪ್ರಮುಖ ಸಮಸ್ಯೆ" ಎಂದು ಪ್ರತಿ ಪ್ರಬಂಧದ ಕೊನೆಯ ಅಧ್ಯಾಯದಲ್ಲೂ ಒಂದು ಸಾಲು ಇರುತ್ತದೆ. ಒಂದು ಸಾಲು ಸಾಲದು. 2006ರ ಎಂಎಸ್‌ಎಂಇಡಿ (ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಪಾವತಿ 45 ದಿನ ದಾಟುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಸರಕು ತಲುಪಿದ ಹದಿನೈದು ದಿನದೊಳಗೆ ಕೊಂಡವರು ಬರವಣಿಗೆಯಲ್ಲಿ ಆಕ್ಷೇಪ ಎತ್ತದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡ ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿ. ಇದಕ್ಕಿಂತ ಬಿಗಿಯಾದ ಕಾನೂನನ್ನು ಸಣ್ಣವರು ಕೇಳುವಂತೆಯೇ ಇಲ್ಲ.

ಈಗ ಒಂದು ಚಲನ್ ಹಿಡಿದು ನಡೆಯೋಣ. ಜೂನ್ 3ಕ್ಕೆ ಮಾಲು ಕಂಪನಿಯ ಗೇಟಿಗೆ ಹೋಯಿತು. ಸೆಕ್ಯುರಿಟಿಯವರು ಚಲನ್ ಮೇಲೆ ಇನ್‌ವರ್ಡ್ ಸೀಲು ಹಾಕಿದರು. ಇನ್‌ಸ್ಪೆಕ್ಷನ್ ಬಾಕಿ ಎಂದು ಮಾಲು ಒಂದು ಮೂಲೆಯಲ್ಲಿ ಕುಳಿತಿತು. ಜೂನ್ 19ಕ್ಕೆ ಜಿಆರ್‌ಎನ್, ಅಂದರೆ ಸರಕು ಸ್ವೀಕರಿಸಿದ ಚೀಟಿ, ಆಯಿತು. ಪಿಒ ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ "ಜಿಆರ್‌ಎನ್ ಆದ ತಿಂಗಳ ಕೊನೆಯಿಂದ 60 ದಿನ" ಎಂದು ಅಚ್ಚಾಗಿದೆ. ಜೂನ್ 30ರಿಂದ ಎಣಿಸಿದರೆ ಆಗಸ್ಟ್ 29. ಕಂಪನಿಯವರು ಹಣ ಬಿಡುವುದು ತಿಂಗಳಿಗೆ ಎರಡೇ ದಿನ, 5ನೇ ತಾರೀಖು ಮತ್ತು 20ನೇ ತಾರೀಖು. ಹಾಗಾಗಿ ಸೆಪ್ಟೆಂಬರ್ 5. ಕಂಪನಿಯ ಕಂಪ್ಯೂಟರಿನಲ್ಲಿ ಇದು 60 ದಿನದ ಪಾವತಿ, ತಡ ಎಂಬ ಮಾತೇ ಇಲ್ಲ. ಶೆಡ್ಡಿನ ಲೆಕ್ಕದಲ್ಲಿ ಇದು 94 ದಿನ.

ತೊಂಬತ್ತರ ಮೇಲಿನ ಆ ನಾಲ್ಕು ದಿನ ಕೂಡ ಪೆಟ್ಟು ಕೊಡುತ್ತದೆ. ತೊಂಬತ್ತು ದಿನ ದಾಟಿದ ಬಾಕಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಡ್ರಾಯಿಂಗ್ ಪವರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಬರಬೇಕಾದ ಹಣ ಬಂದಿಲ್ಲ, ಅದು ಬಂದಿಲ್ಲ ಎಂಬ ಕಾರಣಕ್ಕೇ ಓವರ್‌ಡ್ರಾಫ್ಟ್ ಖಾತೆಯಿಂದ ತೆಗೆಯಬಹುದಾದ ಹಣವೂ ಇಳಿಯುತ್ತದೆ. ಆ ಬಿಲ್ಲಿನ ಜಿಎಸ್‌ಟಿಯನ್ನೋ ಹಣ ಬರುವ ಎಷ್ಟೋ ಮೊದಲೇ ಕಟ್ಟಿಯಾಗಿರುತ್ತದೆ. ಮೂರು ಪಟ್ಟು ಬಡ್ಡಿ ಕೇಳಿ ಎಂದು ನಾನು ಹೇಳಿದರೆ ಮಾಲೀಕರು ನನ್ನ ಮುಖ ನೋಡುತ್ತಾರೆ. ಕೇಳಿದ ಮರುದಿನ ಆರ್ಡರ್ ನಿಲ್ಲುತ್ತದೆ ಎಂದು ಅವರಿಗೆ ಗೊತ್ತು. ದೂರು ಕೊಡಲು ಆನ್‌ಲೈನ್ ಪೋರ್ಟಲ್ ಇದೆ, ಮೊಕದ್ದಮೆ ಕೇಳಲು ಫೆಸಿಲಿಟೇಶನ್ ಕೌನ್ಸಿಲ್ ಇದೆ. ನಾನು ನೋಡಿದ ಮಟ್ಟಿಗೆ ಅಲ್ಲಿಗೆ ಹೋಗುವವರು ಆ ಗಿರಾಕಿಯ ಸಂಬಂಧ ಆಗಲೇ ಕಡಿದುಕೊಂಡವರು. ಗಿರಾಕಿಯನ್ನು ಉಳಿಸಿಕೊಂಡು ಬಾಕಿ ವಸೂಲಿ ಮಾಡುವ ದಾರಿ ಯಾವುದು? ಯಾರು ಅದನ್ನು ಹೇಗೆ ಸಾಧಿಸಿದ್ದಾರೆ? ಕೆಲವರು ಸಾಧಿಸಿದ್ದಾರೆ. ಅವರ ವಿದ್ಯೆಯನ್ನು ಯಾರೂ ಬರೆದಿಟ್ಟಿಲ್ಲ.

2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ಹೊಸ ಉಪವಿಧಿ ಸೇರಿಸಿದಾಗ ನಮ್ಮ ಬೀದಿಯಲ್ಲಿ ದೊಡ್ಡ ಚರ್ಚೆ ನಡೆಯಿತು. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಎಂಎಸ್‌ಎಂಇಡಿ ಕಾಯ್ದೆಯ ಗಡುವಿನೊಳಗೆ ಹಣ ಕೊಡದಿದ್ದರೆ, ನಿಜವಾಗಿ ಕೊಡುವ ವರ್ಷದವರೆಗೂ ಕೊಂಡವರಿಗೆ ಆ ಖರ್ಚಿನ ವಿನಾಯಿತಿ ಇಲ್ಲ ಎಂಬುದು ಅದರ ಸಾರ. ಮಧ್ಯಮ ಉದ್ದಿಮೆಗಳಿಗೆ ಈ ರಕ್ಷಣೆ ಇಲ್ಲ. ಕೆಲವರಿಗೆ ಮಾರ್ಚ್ ತಿಂಗಳಲ್ಲಿ ಹಳೆಯ ಬಾಕಿ ಸರಸರನೆ ಬಂತು. ಇನ್ನು ಕೆಲವರ ಮಾತು ಬೇರೆ: ಉದ್ಯಮ್ ನೋಂದಣಿ ಇರುವವರನ್ನು ಬಿಟ್ಟು ಇಲ್ಲದವರಿಗೆ ಆರ್ಡರ್ ಹೋಗುತ್ತಿದೆಯಂತೆ, ನೋಂದಣಿ ರದ್ದು ಮಾಡಿಸಿಕೊಳ್ಳಿ ಎಂದು ಕೊಂಡವರೇ ಹೇಳುತ್ತಿದ್ದಾರಂತೆ. ಇದರಲ್ಲಿ ಎಷ್ಟು ನಿಜ, ಎಷ್ಟು ಅಂತೆಕಂತೆ? ಒಂದು ಕಾನೂನು ಬರುವ ಮುಂಚಿನ ವರ್ಷ ಮತ್ತು ಬಂದ ನಂತರದ ವರ್ಷ, ಎರಡಕ್ಕೂ ದಿನಾಂಕ ಸಮೇತ ದಾಖಲೆ ಪ್ರತಿ ಶೆಡ್ಡಿನಲ್ಲೂ ಇದೆ. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಮತ್ತೆ ಯಾವಾಗ ಸಿಗುತ್ತದೆ? ವಾರ್ಷಿಕ ವಹಿವಾಟು 250 ಕೋಟಿ ದಾಟಿದ ಕಂಪನಿಗಳು ಬಿಲ್ ಡಿಸ್ಕೌಂಟಿಂಗಿನ ಟ್ರೆಡ್ಸ್ ವೇದಿಕೆಗೆ 2025ರ ಮಾರ್ಚ್ 31ರೊಳಗೆ ಸೇರಬೇಕೆಂಬ ಆದೇಶವೂ ಬಂತು. ಸೇರುವುದು ಒಂದು, ಅಲ್ಲಿ ಸಣ್ಣವರ ಬಿಲ್ಲನ್ನು ಒಪ್ಪಿ ದಾಖಲಿಸುವುದು ಇನ್ನೊಂದು. ಎರಡರ ನಡುವಿನ ಅಂತರ ಎಷ್ಟು ಎಂದು ಅಳೆಯುವ ಕೆಲಸ ನಿಮ್ಮದು.

ಒಳಗೆ ಬಂದು ಕೆಲಸ ಮಾಡುವ ಸಂಶೋಧನೆ ಸಾಧ್ಯವೇ ಎಂದು ಕೇಳುವವರಿಗೆ ಒಂದು ನಿದರ್ಶನ ಕೊಡುತ್ತೇನೆ. ನಿಕೋಲಸ್ ಬ್ಲೂಮ್, ಅಪ್ರಜಿತ್ ಮಹಾಜನ್, ಡೇವಿಡ್ ಮೆಕೆಂಜಿ ಮುಂತಾದವರು ಮುಂಬೈ ಸಮೀಪದ ತಾರಾಪುರ, ಉಂಬರ್‌ಗಾಂವ್ ಕಡೆಯ ಬಟ್ಟೆ ಗಿರಣಿಗಳಲ್ಲಿ ಒಂದು ಪ್ರಯೋಗ ಮಾಡಿ 2013ರಲ್ಲಿ ಪ್ರಕಟಿಸಿದರು. 17 ಸಂಸ್ಥೆಗಳ 28 ಘಟಕಗಳು. ಕೆಲವಕ್ಕೆ ತಿಂಗಳುಗಟ್ಟಲೆ ಸಲಹೆಗಾರರನ್ನು ಉಚಿತವಾಗಿ ಕಳಿಸಿದರು. ಯಂತ್ರ ಏಕೆ ನಿಂತಿತು ಎಂದು ಬರೆದಿಡುವುದು, ದೋಷದ ಬಟ್ಟೆಯನ್ನು ಬಗೆ ಬಗೆಯಾಗಿ ಎಣಿಸುವುದು, ನೂಲಿನ ದಾಸ್ತಾನಿಗೆ ಲೇಬಲ್ ಹಾಕಿ ಜೋಡಿಸುವುದು, ಇಂಥ 38 ಸಾಮಾನ್ಯ ಪದ್ಧತಿಗಳು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17ರಷ್ಟು ಏರಿತು. ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಮುಂದಿನ ಕೆಲಸ. ಸುಮಾರು ಎಂಟು ವರ್ಷ ಬಿಟ್ಟು ಅವರು ಅದೇ ಗಿರಣಿಗಳಿಗೆ ಮತ್ತೆ ಹೋದರು. ಕಲಿಸಿದ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು, ಉಳಿದರ್ಧ ನಿಂತಿದ್ದವು. ಬಿಟ್ಟುಹೋಗಲು ಮುಖ್ಯ ಕಾರಣಗಳು ಮ್ಯಾನೇಜರ್ ಬದಲಾದದ್ದು, ಮಾಲೀಕರಿಗೆ ಪುರುಸೊತ್ತು ಇಲ್ಲವಾದದ್ದು. ಫಲ ಬಂತೆಂದು ಬೀಗದೆ, ಫಲ ಉಳಿಯಿತೇ ಎಂದು ಹೋಗಿ ನೋಡುವುದಿದೆಯಲ್ಲ, ಅದು ಸಂಶೋಧಕನ ಶೀಲ. ಹಾಗೆಂದು ಆ ಶೇ. 17ನ್ನು ನಮ್ಮ ಶೆಡ್‌ಗಳಿಗೆ ಎತ್ತಿ ತರಬೇಡಿ. ಅವು ಸರಾಸರಿ ಇನ್ನೂರಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆಗಳು. ಹತ್ತು ಜನರ ಶೆಡ್ಡಿನಲ್ಲಿ ಮಾಲೀಕರೇ ಮ್ಯಾನೇಜರು, ಅವರೇ ಸೆಟ್ಟರ್, ಆಪರೇಟರ್ ಬರದ ದಿನ ಅವರೇ ಆಪರೇಟರ್. ಅಲ್ಲಿ ಯಾವ ಪದ್ಧತಿ ನಿಲ್ಲುತ್ತದೆ ಎಂದು ಯಾರಾದರೂ ಇಲ್ಲೇ ಕಂಡುಹಿಡಿಯಬೇಕು.

ಮಾಲೀಕರ ಸ್ವಭಾವದ ಮೇಲೆ ಹೊರೆ ಹಾಕಿದರೆ ಎಂಥ ತಪ್ಪು ತೀರ್ಮಾನಕ್ಕೆ ಬರಬಹುದು ಎಂಬುದಕ್ಕೆ ಇನ್ನೊಂದು ಅಧ್ಯಯನ ಸಾಕ್ಷಿ. ಸುನಾಮಿಯ ನಂತರ ಶ್ರೀಲಂಕಾದಲ್ಲಿ ಸುರೇಶ್ ಡಿ ಮೆಲ್, ಮೆಕೆಂಜಿ ಮತ್ತು ಕ್ರಿಸ್ಟೋಫರ್ ವುಡ್ರಫ್ ಪುಟ್ಟ ವ್ಯಾಪಾರಿಗಳಿಗೆ ಅಲ್ಲಿನ 10,000 ಅಥವಾ 20,000 ರೂಪಾಯಿಯ ನೆರವು ಕೊಟ್ಟು ಏನಾಗುತ್ತದೆಂದು ನೋಡಿದರು. ಗಂಡಸರ ವ್ಯಾಪಾರದಲ್ಲಿ ಆ ಬಂಡವಾಳಕ್ಕೆ ಒಳ್ಳೆಯ ಲಾಭ ಬಂತು, ಹೆಂಗಸರ ವ್ಯಾಪಾರದಲ್ಲಿ ಸರಾಸರಿ ಏನೂ ಬರಲಿಲ್ಲ. ಹೆಣ್ಣುಮಕ್ಕಳಿಗೆ ಬೆಳೆಯುವ ಹಂಬಲ ಕಡಿಮೆ ಎಂದು ಹೇಳಲು ಇಷ್ಟು ಸಾಕಿತ್ತು. ಆದರೆ 2019ರಲ್ಲಿ ಬೇರೊಂದು ತಂಡ ಭಾರತ, ಶ್ರೀಲಂಕಾ, ಘಾನಾದ ಇಂಥ ಅಂಕಿಅಂಶಗಳನ್ನು ಮತ್ತೆ ತೆರೆದು, ಆ ಮನೆಯಲ್ಲಿ ಇನ್ನೊಂದು ವ್ಯಾಪಾರ ಇತ್ತೇ ಎಂದು ಕೇಳಿತು. ಹೆಂಗಸಿನದು ಒಂದೇ ವ್ಯಾಪಾರ ಇದ್ದ ಮನೆಗಳಲ್ಲಿ ಲಾಭ ಗಂಡಸರಿಗೆ ಕಡಿಮೆಯೇನೂ ಇರಲಿಲ್ಲ. ಉಳಿದ ಮನೆಗಳಲ್ಲಿ ಹೆಂಡತಿಗೆ ಕೊಟ್ಟ ಹಣ ಗಂಡನ ವ್ಯಾಪಾರಕ್ಕೆ ಹರಿದಿತ್ತು.

ನನಗೆ ಇದನ್ನು ಓದಿ ಆಶ್ಚರ್ಯವಾಗಲಿಲ್ಲ. ಚಕ್ಕುಲಿ ಕೋಡುಬಳೆ ಮಾಡಿ ಬೇಕರಿಗಳಿಗೆ ಹಾಕುವ ಒಬ್ಬ ಹೆಣ್ಣುಮಗಳ ಖಾತೆ ನನ್ನ ಬಳಿ ಇದೆ. ಎಣ್ಣೆ, ಅಕ್ಕಿಹಿಟ್ಟು, ಗ್ಯಾಸು, ಇಬ್ಬರು ಕೆಲಸದವರ ಸಂಬಳ ಕಳೆದು ತಿಂಗಳಿಗೆ ಒಂದಿಷ್ಟು ಉಳಿಯುತ್ತದೆ. ಏಳನೇ ತಾರೀಖು ಬಂದರೆ ಯಜಮಾನರ ಗೂಡ್ಸ್ ಗಾಡಿಯ ಕಂತು ಅದೇ ಖಾತೆಯಿಂದ ಹೋಗುತ್ತದೆ. ಜೂನ್‌ನಲ್ಲಿ ಮಕ್ಕಳ ಫೀಸು, ಆಷಾಢ ಕಳೆದ ಮೇಲೆ ಯಾರದೋ ಮದುವೆಯ ಮುಯ್ಯಿ. ಎರಡನೇ ಬಾಣಲೆಗೆ, ದೊಡ್ಡ ಒಲೆಗೆ ದುಡ್ಡು ಎಂದೂ ಒಟ್ಟಾಗುವುದಿಲ್ಲ. ನಿಮ್ಮ ಪ್ರಶ್ನಾವಳಿಯಲ್ಲಿ ಆಕೆ "ಬೆಳೆಸುವ ಹಂಬಲ" ಎಂಬಲ್ಲಿ ಎರಡನೇ ಚೌಕಕ್ಕೆ ಗುರುತು ಹಾಕಿದರೆ, ನೀವು ಆಕೆಯ ಮನಸ್ಸಿನ ಬಗ್ಗೆ ಒಂದು ಅಧ್ಯಾಯ ಬರೆಯುತ್ತೀರಿ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದ್ದರೆ ಬರೆಯುತ್ತಿದ್ದುದೇ ಬೇರೆ. ಡೊಮಿನಿಕನ್ ಗಣರಾಜ್ಯದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಪೂರ್ತಿ ಲೆಕ್ಕಶಾಸ್ತ್ರ ಕಲಿಸಿದ್ದಕ್ಕಿಂತ, ಮನೆಯ ಹಣ ವ್ಯಾಪಾರದ ಹಣ ಬೇರೆ ಬೇರೆ ಇಡಿ ಎಂಬಂಥ ಸರಳ ಸೂತ್ರ ಕಲಿಸಿದ್ದೇ ಹೆಚ್ಚು ಫಲ ಕೊಟ್ಟಿತು. ಈ ಸೂತ್ರ ನಮ್ಮ ಮನೆಗಳಲ್ಲಿ ನಡೆಯುತ್ತದೆಯೇ, ಕೂಡು ಕುಟುಂಬದಲ್ಲಿ ನಡೆಸಲು ಆಕೆಗೆ ಯಾರ ಬೆಂಬಲ ಬೇಕು? ಹುಬ್ಬಳ್ಳಿ, ಕಲಬುರಗಿಗಳಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳನ್ನು ಕೇಳಿ ಬರೆದರೆ ಅದು ನೂರಾರು ಸ್ವಸಹಾಯ ಸಂಘಗಳಿಗೆ ಬೇಕಾದ ಪುಸ್ತಕವಾಗುತ್ತದೆ.

ಮಾರ್ಗದರ್ಶಕರೇ, ಈಗ ನಿಮಗೆ ಎರಡು ಮಾತು. ವಿದ್ಯಾರ್ಥಿಗಳು ಹೊಸದನ್ನು ಮಾಡಲು ಹೆದರುವುದು ನಿಮ್ಮ ಮುಖ ನೋಡಿ. 384 ಎಂಬ ಸಂಖ್ಯೆ ನನ್ನ ಬಳಿ ಬರುವ ಎಷ್ಟೋ ಪತ್ರಗಳಲ್ಲಿ ಇರುತ್ತದೆ. "ಸಾರ್, ಇನ್ನೂ ಅರವತ್ತು ಫಾರ್ಮ್ ಬೇಕು, 384 ಆಗಬೇಕು." 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಕೊಟ್ಟ ಕೋಷ್ಟಕದ ಸಂಖ್ಯೆ ಅದು. ಆ ಕೋಷ್ಟಕ ನಿಂತಿರುವುದು ಯಾದೃಚ್ಛಿಕ ಮಾದರಿಯ ಮೇಲೆ, ಅಂದರೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶ ಇರಬೇಕು. ನಿಮ್ಮ ವಿದ್ಯಾರ್ಥಿಗೆ ಸಿಗುವವರು ಪರಿಚಯದವರು, ಪರಿಚಯದವರ ಪರಿಚಯದವರು. ಹಾಗೆ ಸೇರಿಸಿದ 384 ಫಾರ್ಮಿಗೆ ಆ ಸಂಖ್ಯೆಯ ಬಲ ಬರುವುದಿಲ್ಲ. ಹನ್ನೆರಡು ಶೆಡ್‌ಗಳನ್ನು ಎರಡು ವರ್ಷ ಹಿಂಬಾಲಿಸಿ ಬರೆದ ಪ್ರಬಂಧವನ್ನು ಒಪ್ಪಿಕೊಳ್ಳಿ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ತಾವು ರಾಂಪುರ ಎಂದು ಕರೆದ ಒಂದೇ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಜನರ ನಡುವೆ ಬದುಕಿ ಕಂಡದ್ದನ್ನು ಜಗತ್ತು ಇಂದಿಗೂ ಓದುತ್ತದೆ. ಬ್ರಿಟನ್ನಿನಿಂದ ಬಂದ ಮಾರ್ಕ್ ಹೋಮ್‌ಸ್ಟ್ರಮ್ ಬೆಂಗಳೂರಿನ ಕಾರ್ಖಾನೆಯ ಕೆಲಸಗಾರರ ಜತೆ ಮಾತಾಡಿ ಮಾತಾಡಿ 1976ರಲ್ಲಿ ಒಂದು ಪುಸ್ತಕ ತಂದರು. ಹಳ್ಳಿಗೆ ಕೊಟ್ಟ ತಾಳ್ಮೆಯನ್ನು ಶೆಡ್ಡಿಗೂ ಕೊಡಿ ಎಂದಷ್ಟೇ ನನ್ನ ಕೋರಿಕೆ.

ಮುಚ್ಚಿಹೋದವರನ್ನೂ ಮರೆಯಬೇಡಿ. ನಿಮ್ಮ ಮಾದರಿಯಲ್ಲಿ ಇರುವವರೆಲ್ಲ ಬದುಕಿ ಉಳಿದವರು. ಬೀಗ ಹಾಕಿಕೊಂಡವರಿಗೆ ವಾಟ್ಸ್‌ಆ್ಯಪ್ ಫಾರ್ಮ್ ಹೋಗುವುದಿಲ್ಲ. ಉಳಿದವರನ್ನಷ್ಟೇ ಕೇಳಿ ಯಶಸ್ಸಿನ ಗುಣಗಳನ್ನು ಪಟ್ಟಿ ಮಾಡಿದರೆ, ಅದೇ ಗುಣಗಳಿದ್ದೂ ಮುಳುಗಿದವರು ಲೆಕ್ಕಕ್ಕೇ ಬರುವುದಿಲ್ಲ. ಬೆಂಗಳೂರಿನಲ್ಲಿ ಸಣ್ಣ ಕಾರ್ಖಾನೆಗಳು ಹಬ್ಬಿದ್ದೇ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ನೆರಳಿನಲ್ಲಿ. ಅಲ್ಲಿ ಕೈ ಪಳಗಿಸಿಕೊಂಡವರು ಹೊರಬಂದು ಒಂದು ಲೇಥ್ ಇಟ್ಟರು, ಅಲ್ಲಿಗೇ ಬಿಡಿಭಾಗ ಮಾಡಿಕೊಟ್ಟರು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಪತ್ರಿಕೆಗಳು ಗಡಿಯಾರದ ನೆನಪುಗಳನ್ನು ತುಂಬಾ ಬರೆದವು. ಆ ಗಡಿಯಾರಕ್ಕೆ ಬಿಡಿಭಾಗ ಕೊಡುತ್ತಿದ್ದವರು ಯಾವ ಕೆಲಸಕ್ಕೆ ತಿರುಗಿದರು, ಎಷ್ಟು ಸಾಲ ಹೊತ್ತುಕೊಂಡರು, ಅವರ ನುರಿತ ಕೆಲಸಗಾರರು ಎಲ್ಲಿ ಹೋದರು? ಅವರಲ್ಲಿ ಅನೇಕರಿಗೆ ಈಗ ವಯಸ್ಸಾಗಿದೆ. ಕೇಳುವುದಿದ್ದರೆ ಈಗಲೇ ಕೇಳಬೇಕು.

ಮಾಲೀಕರು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ನೀವು ಹೇಳುತ್ತೀರಿ. ಅದು ನಿಜ, ಮತ್ತು ಅದಕ್ಕೆ ಕಾರಣವಿದೆ. ಪುಸ್ತಕ ಕೇಳಿಕೊಂಡು ಬರುವವರನ್ನು ಕಂಡರೆ ಇವರಿಗೆ ಮೊದಲು ನೆನಪಾಗುವುದು ತೆರಿಗೆ ಇಲಾಖೆ. ದರ ಹೊರಗೆ ಹೋದರೆ ಪಕ್ಕದವರು ಅದಕ್ಕಿಂತ ಕಡಿಮೆ ಹೇಳುತ್ತಾರೆ ಎಂಬ ಭಯವೂ ಇದೆ. ಹಾಗಾಗಿ ಮೊದಲ ಭೇಟಿಯಲ್ಲೇ ಒಂದು ಕಾಗದ ಕೊಡಿ. ಹೆಸರು ಬರೆಯುವುದಿಲ್ಲ, ಗಿರಾಕಿಯ ಹೆಸರು ಬರೆಯುವುದಿಲ್ಲ, ದರವನ್ನು ಗುರುತು ಸಿಗುವಂತೆ ಬರೆಯುವುದಿಲ್ಲ, ಕೇಳದೆ ಫೋಟೊ ತೆಗೆಯುವುದಿಲ್ಲ ಎಂದು ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡಿ. ಜತೆಗೆ ಏನಾದರೂ ಕೆಲಸಕ್ಕೆ ಬರುವಂಥದ್ದನ್ನು ಮಾಡಿಕೊಡಿ. ಹಳೆಯ ಚಲನ್‌ಗಳನ್ನು ದಿನಾಂಕವಾರು ಎಕ್ಸೆಲ್‌ಗೆ ಏರಿಸಿಕೊಟ್ಟರೆ ಸಾಕು, ಯಾವ ಗಿರಾಕಿ ನಿಜಕ್ಕೂ ಎಷ್ಟು ದಿನ ತೆಗೆದುಕೊಳ್ಳುತ್ತಾನೆ ಎಂದು ಮಾಲೀಕರಿಗೆ ಮೊದಲ ಸಲ ಕಣ್ಣಿಗೆ ಕಾಣುತ್ತದೆ. ನಿಮಗೆ ದತ್ತಾಂಶ ಸಿಕ್ಕಿತು, ಅವರಿಗೆ ಮುಂದಿನ ದರದ ಮಾತುಕತೆಗೆ ಒಂದು ಆಧಾರ ಸಿಕ್ಕಿತು.

ಮುಗಿದ ಮೇಲೆ ವಾಪಸು ಬನ್ನಿ. ನಿಮ್ಮ ಪ್ರಬಂಧಗಳು ಇಂಗ್ಲಿಷಿನಲ್ಲಿ ಶೋಧಗಂಗಾದಲ್ಲಿ ಸೇರಿಕೊಳ್ಳುತ್ತವೆ, ಯಾರು ಬೇಕಾದರೂ ತೆರೆದು ಓದಬಹುದು. ನಾನು ಓದುತ್ತೇನೆ. ಆದರೆ ಅವುಗಳ ವಿಷಯವಾದ ಮಾಲೀಕರಿಗೆ ಅಂಥದೊಂದು ಪ್ರಬಂಧ ಇದೆ ಎಂದೇ ಗೊತ್ತಿರುವುದಿಲ್ಲ. ನಾಲ್ಕು ಪುಟದ ಕನ್ನಡ ಸಾರಾಂಶ ಬರೆದು ಪ್ರತಿ ಶೆಡ್ಡಿಗೂ ಕೊಡುವುದನ್ನು ಮಾರ್ಗದರ್ಶಕರು ಕಡ್ಡಾಯ ಮಾಡಲಿ. ಬಹಿರಂಗ ಮೌಖಿಕ ಪರೀಕ್ಷೆಗೆ ಇಬ್ಬರು ಮಾಲೀಕರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಲಿ. "ಸರ್ಕಾರ ಹೆಚ್ಚು ಸಾಲ ಕೊಡಬೇಕು, ಹೆಚ್ಚು ತರಬೇತಿ ಕೊಡಬೇಕು" ಎಂಬ ಸಲಹೆಯನ್ನು ಅವರ ಎದುರು ಓದಿದರೆ, ಸಾಲ ಏಕೆ ಬೇಕಾಯಿತು, ನನ್ನ ಹಣವೇ ಬೇರೆಯವರ ಬಳಿ 94 ದಿನ ಕೂತಿದೆಯಲ್ಲ ಎಂದು ಅವರೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಪ್ರಬಂಧ ಪಾಸಾಗಲಿ.

ಸೆಪ್ಟೆಂಬರ್, ಅಕ್ಟೋಬರ್ ನಮಗೆ ಆಡಿಟ್ ಮತ್ತು ರಿಟರ್ನುಗಳ ಗಡಿಬಿಡಿ. ಆಯುಧಪೂಜೆಗೆ ಮೆಷಿನ್ ತೊಳೆದು ಪೂಜೆ ಮಾಡಿ, ಹುಡುಗರು ಊರಿಗೆ ಹೋಗಿ ಬರುವ ಹೊತ್ತಿಗೆ ದೀಪಾವಳಿ. ಅದು ಕಳೆದ ಮೇಲೆ ಬನ್ನಿ. ಒಪ್ಪಿಗೆ ಕೊಡುವ ನಾಲ್ಕೈದು ಜನ ಮಾಲೀಕರನ್ನು ನಾನೇ ಪರಿಚಯಿಸುತ್ತೇನೆ, ಅವರು ಒಪ್ಪಿದರೆ ಒಂದು ವರ್ಷದ ಚಲನ್, ಜಿಆರ್‌ಎನ್, ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಜತೆಗೆ ಕೂತು ಓದೋಣ. ಮೊದಲ ವಾರ ಪ್ರಶ್ನಾವಳಿ ತರಬೇಡಿ, ಒಂದು ನೋಟ್‌ಬುಕ್ ತನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಲೆಕ್ಕಪತ್ರಗಾರ